ಮಲೆನಾಡಿನ ಮಳೆಗೆ ಯಾವ ಡೇರೆ? ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

ಶಿವಮೊಗ್ಗ, ಭದ್ರಾವತಿ ಸುತ್ತಮುತ್ತ ಈಗ ತೋಟದ ಅಂಚಿನಲ್ಲಿ ನಾಲ್ಕು ಟೆಂಟ್ ಹಾಕಿ ಪ್ರವಾಸಿಗರನ್ನು ಕರೆಯುವ ಉತ್ಸಾಹ ಹಲವರಿಗಿದೆ. ಮೊಬೈಲ್ ತೆರೆದರೆ ಎಲ್ಲ ಕಾಲಕ್ಕೂ ಆಗುತ್ತದೆ ಎನ್ನುವ ಟೆಂಟುಗಳ ಜಾಹೀರಾತು ಸಾಲುಸಾಲಾಗಿ ಬರುತ್ತವೆ. ಬೆಲೆ ಎರಡು ಸಾವಿರದಿಂದ ಹಿಡಿದು ಹಲವು ಹತ್ತು ಸಾವಿರದವರೆಗೆ. ಸಾಲ ಮಾಡಿ ತಂದ ಟೆಂಟು ಆರಿದ್ರಾ ಮಳೆಗೇ ಸೋರಿದರೆ ಹೋದದ್ದು ದುಡ್ಡು ಮಾತ್ರವಲ್ಲ, ಬಂದ ಅತಿಥಿಯ ನಂಬಿಕೆಯೂ ಹೌದು.

ಯಾವ ಟೆಂಟ್ ತಡೆಯುತ್ತದೆ ಎಂಬ ಪ್ರಶ್ನೆಗೆ ನಾವು ಅಂಗಡಿಗಿಂತ ಮೊದಲು ನಮ್ಮ ಜಿಲ್ಲೆಯ ಇತಿಹಾಸವನ್ನು ಕೇಳೋಣ. ಇಲ್ಲಿ ಡೇರೆ ಹೂಡಿದವರು ಬಹಳ ಮಂದಿ. ಮಳೆಯಲ್ಲಿ ಹೂಡಿದವರು ಬಹಳ ಕಡಿಮೆ. ಪಾಠ ಇರುವುದು ಅಲ್ಲೇ.

ಬೀಡು, ಪಾಳೆಯ, ಬಿಡಾರ

ನಮ್ಮ ಭಾಷೆಯಲ್ಲಿ ಡೇರೆಯ ನೆನಪು ಊರಿನ ಹೆಸರುಗಳಲ್ಲೇ ಇದೆ. ಬೀಡು ಎಂದರೆ ದಂಡು ಇಳಿದ ಜಾಗ, ರಾಜ ನೆಲೆಸಿದ ಜಾಗ. ಹಳೇಬೀಡು ಎಂಬ ಹೆಸರಿನಲ್ಲಿರುವುದು ಅದೇ ಬೀಡು. ಹಳೆಯ ಶಾಸನಗಳಲ್ಲಿ ಬರುವ ನೆಲೆವೀಡು ಎಂಬ ಮಾತೂ ಅದರ ಬಳಗದ್ದೇ. ಪಾಳೆಯ ಎಂದರೆ ಸೈನ್ಯದ ಶಿಬಿರ. ಪಾಳೆಯಗಾರ ಎಂಬ ಮಾತು ಹುಟ್ಟಿದ್ದು ಅದರಿಂದ. ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲನ್ನು ನಾವು ಇಂದಿಗೂ ಆನೆ ಬಿಡಾರ ಎಂದೇ ಕರೆಯುತ್ತೇವೆ. ಡೇರೆ, ತಂಬು, ಕನಾತು ಎಂಬ ಮಾತುಗಳು ಉತ್ತರದ ಕಡೆಯಿಂದ ದಂಡು, ದರ್ಬಾರುಗಳ ಜೊತೆ ಬಂದವು.

ಅಂದರೆ ಬಟ್ಟೆಯ ಡೇರೆ ಬಹುಕಾಲ ದೊರೆಯದು, ದಂಡಿನದು, ಅಧಿಕಾರಿಯದು. ರೈತನದಲ್ಲ. ರೈತನಿಗೆ ಬೇರೆಯೇ ಉಪಾಯವಿತ್ತು. ಅದನ್ನು ಮುಂದೆ ಹೇಳುತ್ತೇವೆ.

ಮಳೆ ನಿಂತ ಮೇಲೆ ಯುದ್ಧ

ದಂಡು ಹೊರಡುತ್ತಿದ್ದದ್ದು ದಸರಾ ಕಳೆದ ಮೇಲೆ. ಹೊಳೆ ಇಳಿದಿರಬೇಕು, ಎತ್ತಿಗೆ ಮೇವು ಸಿಗಬೇಕು, ಗಾಡಿಯ ಚಕ್ರ ಹೂಳಬಾರದು. ಈ ಲೆಕ್ಕ ತಪ್ಪಿದರೆ ದೊಡ್ಡ ಸೈನ್ಯವೂ ಸೋಲುತ್ತಿತ್ತು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದು, ಟಿಪ್ಪು ಸುಲ್ತಾನನ ಸೈನ್ಯದ ಮೇಲೆ ಕೈ ಮೇಲಾಗಿಸಿಕೊಂಡೂ ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು, ದವಸ ಮೇವು ಮುಗಿದಿತ್ತು, ಎತ್ತುಗಳು ಸಾಯುತ್ತಿದ್ದವು. ದೊಡ್ಡ ಫಿರಂಗಿಗಳನ್ನು ಎಳೆಯಲಾಗದೆ ಅಲ್ಲೇ ಹಾಳುಮಾಡಿ ಹೋದರು.

ಅದೇ ಯುದ್ಧ ಶಿವಮೊಗ್ಗಕ್ಕೆ ಬಂದದ್ದು ಒಣ ದಿನಗಳಲ್ಲಿ. 1791ರ ಡಿಸೆಂಬರ್ 29ರಂದು ಶಿವಮೊಗ್ಗ ಕೋಟೆಯ ಹತ್ತಿರ, ತುಂಗೆ ಮತ್ತು ಕಾಡಿನ ನಡುವೆ ಬೀಡುಬಿಟ್ಟಿದ್ದ ಟಿಪ್ಪುವಿನ ಸೇನಾನಿ ರಜಾ ಸಾಹೇಬನ ಸೈನ್ಯದ ಮೇಲೆ ಕ್ಯಾಪ್ಟನ್ ಲಿಟಲ್‌ನ ತುಕಡಿ ಬಿತ್ತು. ಜೊತೆಗಿದ್ದದ್ದು ಪರಶುರಾಮ ಭಾವುವಿನ ಮರಾಠಾ ದಂಡು. ಕೆಲವೇ ದಿನಗಳಲ್ಲಿ, 1792ರ ಜನವರಿ ಮೊದಲ ವಾರದಲ್ಲಿ, ಕೋಟೆ ಶರಣಾಯಿತು. ಈ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ ಅದರ ಕಥೆಯನ್ನು 1794ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಮಳೆಯಲ್ಲೇ ನಡೆದ ದಂಡಯಾತ್ರೆಯೂ ಒಂದಿದೆ. ಚನ್ನಗಿರಿ ಮೂಲದ ಧೋಂಡಿಯಾ ವಾಘ್ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ತಪ್ಪಿಸಿಕೊಂಡು ಬಂದು ಬಿದನೂರು ಸೀಮೆಯಲ್ಲಿ ದಂಡು ಕಟ್ಟಿದ. ಕಂಪನಿ ಸೈನ್ಯ ಮಳೆ ನಿಲ್ಲುವವರೆಗೆ ಕಾಯಲಿಲ್ಲ. ಆಗಸ್ಟ್‌ನಲ್ಲೇ ಶಿಕಾರಿಪುರದ ಹತ್ತಿರ ಅವನನ್ನು ಸೋಲಿಸಿತು. ಅವನು ತಪ್ಪಿಸಿಕೊಂಡು ಮರಾಠರ ಸೀಮೆಗೆ ಹೋದ, 1800ರ ಸೆಪ್ಟೆಂಬರ್‌ನಲ್ಲಿ ಹತನಾದ.

ಟಿಪ್ಪುವಿನದೆಂದು ಹೇಳುವ ಡೇರೆಯೊಂದು ಇಂದಿಗೂ ಉಳಿದಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಪೊವಿಸ್ ಕೋಟೆಯಲ್ಲಿ ಅದನ್ನು ಇಟ್ಟಿದ್ದಾರೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಹೂಕುಂಡಗಳ ಅಚ್ಚು. ಕಣ್ಣಿಗೆ ಹಬ್ಬ. ಅಲ್ಲಿನ ಮನೆಯವರು ಮುಂದೆ ಅದನ್ನು ತೋಟದ ಔತಣಗಳಿಗೆ ಬಳಸಿದರು. ಆದರೆ ಅಂಥ ಬಟ್ಟೆ ಆಗುಂಬೆಯ ಒಂದು ಮಳೆಗಾಲಕ್ಕೆ ಬೂಷ್ಟು ಹಿಡಿದು ಹೋಗುತ್ತಿತ್ತು. ಅದು ಬಿಸಿಲಿಗೆ, ಇಬ್ಬನಿಗೆ, ಗೌರವಕ್ಕೆ ಕಟ್ಟಿದ ಡೇರೆ.

ಪತ್ತನಾಜೆಗೆ ಮಡಚುವ ಡೇರೆ

ದಂಡಿನ ಕಾಲ ಹೋದ ಮೇಲೆ ನಮ್ಮೂರಿನ ಜನಕ್ಕೆ ಡೇರೆ ಎಂದರೆ ಆಟ, ನಾಟಕ, ಸಿನಿಮಾ. ಕರಾವಳಿಯ ಡೇರೆ ಮೇಳಗಳು ಘಟ್ಟ ಹತ್ತಿ ತೀರ್ಥಹಳ್ಳಿ, ಸಾಗರ, ಶಿವಮೊಗ್ಗ, ಭದ್ರಾವತಿಗಳಲ್ಲಿ ಟಿಕೆಟ್ ಇಟ್ಟು ರಾತ್ರಿಯಿಡೀ ಯಕ್ಷಗಾನ ಆಡಿವೆ. ನೆಲದ ಮೇಲೆ ಕೂತು ನೋಡಿದ ಟೆಂಟ್ ಸಿನಿಮಾ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಈ ಡೇರೆಗಳಿಗೂ ಒಂದು ಪಂಚಾಂಗವಿತ್ತು. ಯಕ್ಷಗಾನ ಮೇಳಗಳ ತಿರುಗಾಟ ಮಳೆ ಹಿಂದಾದ ಮೇಲೆ, ಸುಮಾರು ನವೆಂಬರ್‌ನಲ್ಲಿ ಶುರು. ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತಾರೆ. ಡೇರೆಯ ಬಗ್ಗೆ ಚೆನ್ನಾಗಿ ಬಲ್ಲವರೇ ಮಳೆಗಾಲದಲ್ಲಿ ಅದನ್ನು ಮಡಚಿ ಒಣ ಜಾಗದಲ್ಲಿ ಇಡುತ್ತಿದ್ದರು. ಇದು ಹೆದರಿಕೆಯಲ್ಲ, ಲೆಕ್ಕ.

ಡೇರೆ ಮಡಚಲಾಗದವರು

ಮಳೆಯಲ್ಲೂ ಹೊರಗೇ ಇರಬೇಕಾದವರು ಬಟ್ಟೆಯನ್ನು ನಂಬಲಿಲ್ಲ. ನಾಟಿಗೆ ಇಳಿಯುವ ಹೆಂಗಸರು ಗೊರಬೆ ಹೊದ್ದರು. ಬಿದಿರಿನ ಸೀಳಿನ ಚೌಕಟ್ಟು, ಮೇಲೆ ಒತ್ತಾಗಿ ಹೊದಿಸಿದ ಎಲೆ. ಬಗ್ಗಿದಾಗ ಬೆನ್ನಿಗೂ ಗೊರಬೆಗೂ ನಡುವೆ ಗಾಳಿ ಆಡುವಷ್ಟು ಜಾಗ. ನೋಡಿದರೆ ಅದು ಬೆನ್ನ ಮೇಲೆ ಹೊತ್ತ ಪುಟ್ಟ ಡೇರೆಯೇ. ಗಂಡಸರದು ಕಂಬಳಿ ಕೊಪ್ಪೆ. ಕಂಬಳಿ ನೆನೆದು ಭಾರವಾದರೂ ಮೈ ಬೆಚ್ಚಗಿಡುತ್ತದೆ.

ಬಿಡಾರಕ್ಕೆ ಅಡಿಕೆ ಸೋಗೆ, ಹುಲ್ಲು. ಮಾಡು ಕಡಿದಾಗಿರುತ್ತಿತ್ತು, ನೀರು ನಿಲ್ಲದೆ ಜಾರಲಿ ಎಂದು. ಎರಚಲಿಗೆ ಪಕ್ಕದಲ್ಲಿ ಸೋಗೆಯ ತಟ್ಟಿ. ನೆಲ ಸುತ್ತಲಿಗಿಂತ ಒಂದು ಮೊಳ ಎತ್ತರ, ಸುತ್ತ ನೀರು ಹೋಗಲು ಚರಂಡಿ. ಒಳಗಿನ ಒಲೆಯ ಹೊಗೆ ಸೋಗೆಯ ಸಂದಿನಿಂದ ಹೊರಬೀಳುತ್ತ ಮಾಡನ್ನು ಒಣಗಿಸುತ್ತಿತ್ತು. ಕಡಿದಾದ ಮಾಡು, ಎತ್ತರದ ನೆಲ, ಗಾಳಿಗೆ ದಾರಿ. ಮಲೆನಾಡಿನ ಮಳೆ ಕಲಿಸಿದ ಮೂರು ಸೂತ್ರ ಇವು.

ಇಪ್ಪತ್ತನೆಯ ಶತಮಾನದಲ್ಲಿ ಇಂಥ ಬಿಡಾರಗಳು ಹೆಚ್ಚಿದವು. ಬೆಂಕಿಪುರ ಎಂಬ ಊರು ಭದ್ರಾವತಿಯಾಗಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರ ಜನವರಿಯಲ್ಲಿ ಹೊತ್ತಿತು. ಅದಕ್ಕೆ ಬೇಕಿದ್ದದ್ದು ಕಾಡಿನ ಸೌದೆಯ ಇದ್ದಿಲು ಮತ್ತು ಕೆಮ್ಮಣ್ಣುಗುಂಡಿಯ ಅದಿರು. ತಮಿಳು, ತೆಲುಗು ಸೀಮೆಗಳಿಂದಲೂ ದುಡಿಯುವವರು ಬಂದರು. ಆಮೇಲೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಎದ್ದಿತು. ಬಿ.ಆರ್. ಪ್ರಾಜೆಕ್ಟ್ ಎಂಬುದು ಒಂದು ಊರಿನ ಹೆಸರೇ ಆಗಿಹೋಯಿತು. 1960ರ ದಶಕದಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಕುಟುಂಬಗಳು ಮನೆ ಬಿಚ್ಚಿ, ಲಾರಿ ಹತ್ತಿ, ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಬಂದು ಇಳಿದವು. ಹೊಸ ಮನೆ ಏಳುವವರೆಗೆ ಗುಡಿಸಲೇ ಗತಿ. ಅವರಲ್ಲಿ ಎಷ್ಟೋ ಮಂದಿ ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ಬಟ್ಟೆ ಬದಲಾದದ್ದು ಹೇಗೆ

ಹಳೆಯ ಡೇರೆ ಹತ್ತಿಯ ಕ್ಯಾನ್ವಾಸಿನದು. ಮಳೆ ಬಿದ್ದಾಗ ನೂಲು ನೀರು ಕುಡಿದು ಉಬ್ಬುತ್ತದೆ, ಹೆಣಿಗೆಯ ಸಂದು ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ಬೆರಳು ತಾಗಿಸಿದರೆ ಅಲ್ಲಿಂದಲೇ ಹನಿ ಶುರು. ಅದಕ್ಕೇ ಹಳಬರು ಮಳೆಯಲ್ಲಿ ಡೇರೆ ಮುಟ್ಟಬೇಡ ಎನ್ನುತ್ತಿದ್ದರು. ಬ್ರಿಟಿಷರ ಕಾಲದ ಸೈನ್ಯದ ಡೇರೆಗೆ ಎರಡು ಮಾಡು, ನಡುವೆ ಗಾಳಿಯ ಜಾಗ. ಬಿಸಿಲಿಗೂ ಮಳೆಗೂ ಅದು ಒಳ್ಳೆಯ ಉಪಾಯ. ಆದರೆ ಹೊರಲು ಎತ್ತು, ಒಂಟೆ ಬೇಕು.

ಬೆನ್ನ ಮೇಲೆ ಹೊರುವ ಡೇರೆ ಬಂದದ್ದು ಹಿಮಪರ್ವತ ಹತ್ತುವವರಿಂದ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರ ಏರಿದ ಎಡ್ವರ್ಡ್ ವಿಂಪರ್ ನೆಲಹಾಸನ್ನೂ ಸೇರಿಸಿ ಹೊಲಿದ ಡೇರೆ ಮಾಡಿಕೊಂಡಿದ್ದ. 1935ರಲ್ಲಿ ಅಮೆರಿಕದಲ್ಲಿ ನೈಲಾನ್ ತಯಾರಾಯಿತು. ಭಾರ ಇಳಿಯಿತು. 1975ರಲ್ಲಿ ಅಲ್ಲಿಯದೇ ದಿ ನಾರ್ತ್ ಫೇಸ್ ಕಂಪನಿ ಬಾಗಿದ ಕೋಲುಗಳು ಒಂದನ್ನೊಂದು ಹಾಯುವ ಗುಮ್ಮಟದ ಡೇರೆಯನ್ನು ಮಾರುಕಟ್ಟೆಗೆ ತಂದಿತು. ಯಾವ ಕಡೆಯಿಂದ ಗಾಳಿ ಬಂದರೂ ಅದು ತಡೆಯುತ್ತಿತ್ತು. ಈಗ ಪೇಟೆಯಲ್ಲಿ ಸಿಗುವ ಟೆಂಟುಗಳಲ್ಲಿ ಹೆಚ್ಚಿನವು ಆ ಗುಮ್ಮಟದ ಬಂಧುಗಳೇ.

ನಾವು ಗಮನಿಸಬೇಕಾದದ್ದು ಇಲ್ಲಿದೆ. 'ನಾಲ್ಕು ಋತುವಿನ ಟೆಂಟ್' ಎಂಬ ಹೆಸರಿನಲ್ಲಿರುವ ನಾಲ್ಕನೆಯ ಋತು ಹಿಮದ್ದು. ಹಿಮದ ಭಾರ, ಬಿರುಗಾಳಿ ತಡೆಯಲು ಅದಕ್ಕೆ ದಪ್ಪ ಕೋಲು, ಮುಚ್ಚಿದ ಗೋಡೆ, ಕಡಿಮೆ ಕಿಟಕಿ. ನಮ್ಮದು ಬೇಸಿಗೆ, ಮಳೆ, ಚಳಿ ಎಂಬ ಮೂರೇ ಕಾಲ. ಇಲ್ಲಿನ ಶತ್ರು ಹಿಮವಲ್ಲ, ವಾರಗಟ್ಟಲೆ ಬಿಡದ ಮಳೆ ಮತ್ತು ಒಣಗದ ಹಸಿ. ಹಿಮಾಲಯಕ್ಕೆ ಸರಿಹೋಗುವ ದುಬಾರಿ ಟೆಂಟನ್ನು ಜುಲೈನಲ್ಲಿ ಭದ್ರಾವತಿಯಲ್ಲಿ ಹಾಕಿದರೆ ಒಳಗೆ ಮಲಗಿದವರ ಉಸಿರೇ ನೀರಾಗಿ ಗೋಡೆಯಿಂದ ಇಳಿಯುತ್ತದೆ. ಸೋರಿತು ಎಂದು ಎಷ್ಟೋ ಜನ ಬೈಯುವುದು ಇದನ್ನೇ.

ಹಾಗಾದರೆ ಏನು ನೋಡಬೇಕು

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಲ್ಲಿ ಜೋರು ದಿನಕ್ಕೆ 200 ಮಿ.ಮೀ. ದಾಟುವುದೂ ಉಂಟು. 5 ಚದರ ಮೀಟರಿನ ಸಣ್ಣ ಟೆಂಟಿನ ಮೇಲೆ ಆ ದಿನ ಸುರಿಯುವುದು 1,000 ಲೀಟರ್. ಮನೆ ಮೇಲಿನ ಕಪ್ಪು ಟ್ಯಾಂಕಿನ ತುಂಬ ನೀರು. ಶಿವಮೊಗ್ಗ ನಗರದಲ್ಲಿ, ಭದ್ರಾವತಿಯಲ್ಲಿ ಮಳೆ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಟೆಂಟ್ ಎಲ್ಲಿ ಹಾಕುತ್ತೀರಿ ಎಂಬುದನ್ನು ಮೊದಲು ನಿರ್ಧರಿಸಿ.

ಹೊರ ಹೊದಿಕೆ ನೆಲದ ಹತ್ತಿರದವರೆಗೂ ಇಳಿದಿರಬೇಕು. ತಲೆಯ ಮೇಲೆ ಮಾತ್ರ ಟೋಪಿಯಂತೆ ಕೂರುವ ಹೊದಿಕೆ ಎರಚಲಿಗೆ ನಿಲ್ಲುವುದಿಲ್ಲ.

ಒಳ ಡೇರೆ ಬೇರೆ, ಹೊರ ಹೊದಿಕೆ ಬೇರೆ ಇರಲಿ. ಎರಡಕ್ಕೂ ನಡುವೆ ಒಂದು ಗೇಣಾದರೂ ಗಾಳಿ ಆಡಲಿ. ಮೇಲ್ಭಾಗದಲ್ಲಿ ಮಳೆಯಲ್ಲೂ ತೆರೆದಿಡಬಹುದಾದ ಗಾಳಿಕಿಂಡಿ ಬೇಕೇ ಬೇಕು.

ಬಟ್ಟೆಯ ಚೀಟಿಯಲ್ಲಿ 1,500, 3,000, 5,000 ಮಿ.ಮೀ. ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರು ನಿಂತರೂ ಒಸರದು ಎಂದು ಅದರ ಅರ್ಥ. ನಮ್ಮ ಮಳೆಗೆ ಹೊದಿಕೆ 3,000 ಇರಲಿ, ನೆಲ 5,000 ಇರಲಿ. ಮೊಣಕಾಲು ಊರಿದಾಗ ನೆಲದ ಬಟ್ಟೆಯ ಮೇಲೆ ಬೀಳುವ ಒತ್ತಡ ಹೆಚ್ಚು.

ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದಾರೆಯೇ ನೋಡಿ. ನೀರು ಮೊದಲು ಬರುವುದು ಸೂಜಿಯ ತೂತಿನಿಂದ. ಪಾಲಿಯೆಸ್ಟರ್ ನೆನೆದರೂ ಅಷ್ಟಾಗಿ ಜೋಲುವುದಿಲ್ಲ, ನೈಲಾನ್ ಜೋಲುತ್ತದೆ. ಫೈಬರ್ ಕೋಲು ಅಗ್ಗ, ಆದರೆ ಗಾಳಿಗೆ ಸೀಳುತ್ತದೆ, ಅಲ್ಯೂಮಿನಿಯಂ ಬಾಳುತ್ತದೆ.

ಇದಿಷ್ಟು ಕೊಂಡ ಮೇಲೂ ಅರ್ಧ ಕೆಲಸ ನಿಮ್ಮದೇ. ಸ್ವಲ್ಪ ಎತ್ತರದ ಜಗಲಿ ಕಟ್ಟಿ, ಸುತ್ತ ಚರಂಡಿ ತೆಗೆದು, ಆಗುವುದಾದರೆ ಮೇಲೆ ತಗಡಿನ ಇಲ್ಲವೇ ಸೋಗೆಯ ಮಾಡು ಹಾಕಿ. ಮಾಡಿನ ಕೆಳಗೆ ಮಧ್ಯಮ ಬೆಲೆಯ ಟೆಂಟೂ ಹಲವು ವರ್ಷ ಬಾಳುತ್ತದೆ. ಹಸಿಯಾಗಿ ಮಡಚಿಟ್ಟ ಟೆಂಟಿಗೆ ಬೂಷ್ಟು ಹತ್ತುತ್ತದೆ, ಒಳಲೇಪ ಅಂಟಂಟಾಗಿ ಕಳಚುತ್ತದೆ. ಮೇಳದವರಂತೆ ಒಣಗಿಸಿಯೇ ಮಡಚಿ.

ಜೀವದ ಮಾತು ನಾಲ್ಕು. ತುಂಗೆ, ಭದ್ರೆಯ ದಡದ ಮರಳಿನಲ್ಲಿ ಡೇರೆ ಬೇಡ. ಮೇಲೆ ಗೇಟ್ ಎತ್ತಿದರೆ ನೀರು ರಾತ್ರಿಯೇ ಏರುತ್ತದೆ. ಒಣ ಕೊಂಬೆಯ ಮರದ ಕೆಳಗೂ, ಬಯಲಿನ ಒಂಟಿ ಮರದ ಕೆಳಗೂ ಬೇಡ. ಸೋಗೆಯ ಗುಡಿಸಲಿನಲ್ಲಿ ಹೊಗೆ ಹೊರಹೋಗುತ್ತಿತ್ತು, ಪ್ಲಾಸ್ಟಿಕ್ ಬಟ್ಟೆಯೊಳಗೆ ಹೋಗದು. ಕೆಂಡದ ಒಲೆ ಒಳಗಿಟ್ಟು ಮಲಗಿದವರು ಏಳುವುದಿಲ್ಲ. ಅರಣ್ಯದೊಳಗೆ ಇಲಾಖೆಯ ಅನುಮತಿ ಇಲ್ಲದೆ ಡೇರೆ ಹೂಡುವಂತಿಲ್ಲ.

ಕೊನೆಗೆ ಇನ್ನೊಂದು. ಬಯಲುಸೀಮೆಯಿಂದ ಕಬ್ಬು ಕಡಿಯಲು, ಬೇರೆ ಕೂಲಿಗೆ ಬರುವ ಕುಟುಂಬಗಳು ನಮ್ಮ ಗದ್ದೆಗಳ ಅಂಚಿನಲ್ಲೇ ನೀಲಿ ಟಾರ್ಪಾಲಿನ ಕೆಳಗೆ ಮಲಗುತ್ತವೆ. ಅವರಿಗೆ ಟೆಂಟ್ ಆರಿಸುವ ಅವಕಾಶವಿಲ್ಲ. ಕೆಲಸಕ್ಕೆ ಕರೆಸಿದವರು ಎತ್ತರದ ಜಾಗ ತೋರಿಸಿ, ಸುತ್ತ ಚರಂಡಿ ಹೊಡೆಸಿ, ನಾಲ್ಕು ಹೊರೆ ಸೋಗೆ ಕೊಟ್ಟರೆ ಆ ಮಕ್ಕಳು ಒಣ ನೆಲದಲ್ಲಿ ಮಲಗುತ್ತಾರೆ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.