ಕಾನೂನು ಬದಲಾದಾಗಲೆಲ್ಲ ಬೆಳೆದ ಟ್ಯಾಲಿ: ಸಣ್ಣ ಅಂಗಡಿಯ ಲೆಕ್ಕದ ಖರ್ಚು ಯಾರ ತಲೆಗೆ?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಕ್ಯೂಆರ್ ಕೋಡ್‌ಗಳು ಒಂದೊಂದಾಗಿ ಮಾಯವಾದವು. ಆ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅನ್ನೋ ಚೀಟಿ ಬಂತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚೆಗಿನ ಯುಪಿಐ ಮಾಹಿತಿ ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ರೂ. ದಾಟಿದ ಸರಕು ವ್ಯಾಪಾರಿಗಳಿಗೆ, 20 ಲಕ್ಷ ದಾಟಿದ ಸೇವೆಯವರಿಗೆ ನೋಟಿಸ್ ಕಳಿಸಿತ್ತು. ಬಂದ್ ಕರೆ, ಪ್ರತಿಭಟನೆ, ಟಿವಿ ಚರ್ಚೆ ಎಲ್ಲ ಆಯ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಜತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಅಂದರು. ಸುದ್ದಿ ಅಲ್ಲಿಗೆ ತಣ್ಣಗಾಯಿತು.

ನನಗೆ ಆಸಕ್ತಿ ಇರೋದು ನಂತರದ ಭಾಗದಲ್ಲಿ. ನೋಂದಣಿ ಆಯ್ತು, ಮುಂದೆ? ದಿನದ ಬಿಲ್ ಯಾರು ಬರೀತಾರೆ, ಯಾವುದರಲ್ಲಿ ಬರೀತಾರೆ, ಅದಕ್ಕೆ ದುಡ್ಡು ಯಾರು ಕೊಡ್ತಾರೆ? ಈ ಪ್ರಶ್ನೆಗೆ ನಮ್ಮೂರಲ್ಲೇ ಹುಟ್ಟಿದ ಒಂದು ಉತ್ತರ ಇದೆ. ಅದರ ಹೆಸರು ಟ್ಯಾಲಿ. ತೆರಿಗೆ ಕಾನೂನಿಗೂ ಅಂಗಡಿಯ ಗಲ್ಲಾಪೆಟ್ಟಿಗೆಗೂ ನಡುವೆ ಒಂದು ಮಾರುಕಟ್ಟೆ ಹೇಗೆ ಹುಟ್ಟುತ್ತೆ ಅಂತ ತಿಳಿಯೋಕೆ ಈ ಕಂಪನಿ ಬೆಳೆದ ರೀತಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಈ ಕಂಪನಿ ಶುರು ಮಾಡಿದರು. ತಂದೆಯದ್ದು ಕಾರ್ಖಾನೆಗಳಿಗೆ, ಜವಳಿ ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರ. ಆ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗನಿಗೆ ನೀನೇ ಬರಿ ಅಂದರು. ಎಂಎಸ್-ಡಾಸ್ ಮೇಲೆ ಓಡುತ್ತಿದ್ದ ಆ ಮೊದಲ ಪ್ರೋಗ್ರಾಮಿನ ಹೆಸರು ಪ್ಯೂಟ್ರಾನಿಕ್ಸ್ ಫೈನಾನ್ಷಿಯಲ್ ಅಕೌಂಟೆಂಟ್. ಕಂಪನಿಗೆ ಟ್ಯಾಲಿ ಸೊಲ್ಯೂಷನ್ಸ್ ಅನ್ನೋ ಹೆಸರು ಬಂದದ್ದು 1999ರಲ್ಲಿ.

ಆ ಕಾಲದ ಲೆಕ್ಕದ ಪ್ಯಾಕೇಜುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಇರ್ತಿತ್ತು. ಯಾವ ಗಿರಾಕಿಗೆ ಯಾವ ನಂಬರ್ ಅಂತ ನೆನಪಿಟ್ಟುಕೊಂಡೇ ಕೂರಬೇಕು. ಟ್ಯಾಲಿ ಅದನ್ನ ತೆಗೆದು ಹಾಕಿತು. ಕಿರ್ದಿ-ಖತಾವಣಿ ಬರೆದು ಅಭ್ಯಾಸ ಇದ್ದ ಗುಮಾಸ್ತ, ಗಿರಾಕಿಯ ಹೆಸರನ್ನೇ ಟೈಪ್ ಮಾಡಿದ್ರೆ ಸಾಕು. ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ, ಎಫ್5 ಪಾವತಿ, ಎಫ್6 ಜಮೆ. ಮೌಸ್ ಮುಟ್ಟೋದೇ ಬೇಡ. ಇವತ್ತಿಗೂ ಹಳೆಯ ಅಕೌಂಟೆಂಟ್‌ಗಳ ಬೆರಳು ಆ ಕೀಲಿಗಳ ಮೇಲೆ ತಾನಾಗಿ ಓಡುತ್ತೆ.

ಆದರೆ ಸಲೀಸು ಅನ್ನೋದೊಂದೇ ಇದನ್ನ ಊರೂರಿಗೆ ಮುಟ್ಟಿಸಲಿಲ್ಲ. ನನ್ನ ಪ್ರಕಾರ ಎರಡು ಸಂಗತಿ ಮುಖ್ಯ. ಒಂದು, ಕಳ್ಳ ಕಾಪಿ. ದುಡ್ಡು ಕೊಡದೆ ಟ್ಯಾಲಿ ಬಳಸಿದವರು ಬಹಳ ಮಂದಿ, ಕಂಪನಿಗೆ ಅದೊಂದು ಹಳೆಯ ತಲೆನೋವು. ಆದರೆ ಅದರಿಂದಲೇ ಎಲ್ಲರ ಕೈಗೂ ಟ್ಯಾಲಿ ಬಂತು. ಇನ್ನೊಂದು, ‘ಟ್ಯಾಲಿ ಕ್ಲಾಸ್’. ಬಿ.ಕಾಂ. ಓದುವವರು ಸಂಜೆ ಹೊತ್ತು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರ್‌ಗೆ ಹೋಗಿ ಮೂರು ತಿಂಗಳ ಕೋರ್ಸ್ ಮಾಡೋದು ಹಾಸನವಾಗಲಿ ದಾವಣಗೆರೆಯಾಗಲಿ ಮಾಮೂಲಿ ದೃಶ್ಯ. ಅಂಗಡಿಯವರು ಕೆಲಸಕ್ಕೆ ಹುಡುಗ-ಹುಡುಗಿಯರನ್ನ ಹುಡುಕುವಾಗ ಕೇಳೋದು ‘ಟ್ಯಾಲಿ ಬರುತ್ತಾ?’ ಅಂತ. ಒಂದು ಸಾಫ್ಟ್‌ವೇರಿನ ಹೆಸರೇ ಒಂದು ಕಸುಬಿನ ಹೆಸರಾದ ಮೇಲೆ ಪ್ರತಿಸ್ಪರ್ಧಿಗೆ ಒಳಗೆ ಬರೋದು ಕಷ್ಟ.

ಇಲ್ಲಿವರೆಗೂ ಇದು ಲೆಕ್ಕದ ಸಾಫ್ಟ್‌ವೇರ್. ಕಾನೂನು ಪಾಲನೆಯ ಸಾಫ್ಟ್‌ವೇರ್ ಆಗಿದ್ದು 2005ರಿಂದ.

ಆ ವರ್ಷದ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಬಹುತೇಕ ರಾಜ್ಯಗಳು ಮಾರಾಟ ತೆರಿಗೆ ಬಿಟ್ಟು ವ್ಯಾಟ್‌ಗೆ ಬಂದವು. ಹಳೆ ಪದ್ಧತಿಯಲ್ಲಿ ಒಂದು ಹಂತದಲ್ಲಿ ತೆರಿಗೆ ಕಟ್ಟಿದರೆ ಮುಗೀತು. ವ್ಯಾಟ್‌ನಲ್ಲಿ ಹಾಗಲ್ಲ. ಖರೀದಿ ಮಾಡುವಾಗ ಕೊಟ್ಟ ತೆರಿಗೆಯನ್ನ ಮಾರುವಾಗ ಬಂದ ತೆರಿಗೆಯಲ್ಲಿ ಕಳೆದು, ಉಳಿದದ್ದನ್ನ ಕಟ್ಟಬೇಕು. ಅದಕ್ಕೆ ಪ್ರತಿ ಖರೀದಿ ಬಿಲ್ಲೂ ಬೇಕು, ದರ ಬೇರೆ ಬೇರೆ, ರಾಜ್ಯಕ್ಕೊಂದು ಫಾರಂ. ಟ್ಯಾಲಿ 7.2 ಆವೃತ್ತಿ ರಾಜ್ಯವಾರು ವ್ಯಾಟ್ ನಿಯಮಗಳ ಜತೆ ಬಂದದ್ದು ಆಗಲೇ. ಮುಂದಿನ ವರ್ಷದ ಟ್ಯಾಲಿ 9ರಲ್ಲಿ ಟಿಡಿಎಸ್, ಸಂಬಳದ ಲೆಕ್ಕ ಸೇರಿಕೊಂಡವು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳೂ ಬಂದವು.

ಅಲ್ಲಿಂದ ಮುಂದೆ ಇಲಾಖೆಯೇ ಕಂಪ್ಯೂಟರ್ ಹಾದಿ ಹಿಡಿಯಿತು. ಇದರಲ್ಲಿ ಕರ್ನಾಟಕ ಮುಂದು. ಸರಕು ಸಾಗಿಸುವ ಮೊದಲೇ ಆನ್‌ಲೈನ್‌ನಲ್ಲಿ ವಿವರ ಹಾಕಿ ನಂಬರ್ ಪಡೆಯುವ ‘ಇ-ಸುಗಮ್’ ನಮ್ಮಲ್ಲಿ ವ್ಯಾಟ್ ಕಾಲದಲ್ಲೇ ಇತ್ತು. ಜಿಎಸ್‌ಟಿಯ ಇ-ವೇ ಬಿಲ್ ಪ್ರಯೋಗ ಶುರುವಾದದ್ದೂ ಇಲ್ಲೇ, 2017ರ ಸೆಪ್ಟೆಂಬರ್‌ನಲ್ಲಿ. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಾಟಕ್ಕೂ ಇ-ವೇ ಬಿಲ್ ಜಾರಿ ಮಾಡಿದ್ದ ಏಕೈಕ ರಾಜ್ಯ ನಮ್ಮದು.

ಇನ್ನು 2017ರ ಜುಲೈ 1, ಜಿಎಸ್‌ಟಿ. ಇದರ ಮೂಲ ವಿನ್ಯಾಸ ನೆನಪಿದೆಯಾ? ತಿಂಗಳಿಗೆ ಮೂರು ರಿಟರ್ನ್, ವರ್ಷಕ್ಕೊಂದು ವಾರ್ಷಿಕ, ಒಟ್ಟು 37. ಮಾರಿದವನ ಬಿಲ್ಲೂ ಕೊಂಡವನ ಬಿಲ್ಲೂ ಒಂದೊಂದಾಗಿ ತಾಳೆಯಾಗಬೇಕು. ಇದನ್ನ ನಡೆಸೋಕೆ ಜಿಎಸ್‌ಟಿ ನೆಟ್‌ವರ್ಕ್ ಅನ್ನೋ ಕಂಪನಿ 2013ರಲ್ಲೇ ಸ್ಥಾಪನೆಯಾಗಿತ್ತು. ಪೋರ್ಟಲ್ ಕಟ್ಟೋ ಗುತ್ತಿಗೆ, ಸುಮಾರು 1,380 ಕೋಟಿ ರೂ., 2015ರಲ್ಲಿ ಇನ್ಫೋಸಿಸ್‌ಗೆ ಹೋಗಿತ್ತು. ಆದರೆ ಪೋರ್ಟಲ್ ಮತ್ತು ವ್ಯಾಪಾರಿ ನಡುವಿನ ಕೊನೆಯ ಮೈಲಿಯನ್ನ ಸರ್ಕಾರ ಖಾಸಗಿಯವರಿಗೆ ಬಿಟ್ಟಿತು. ಅವರಿಗೆ ಇಟ್ಟ ಹೆಸರು ‘ಜಿಎಸ್‌ಟಿ ಸುವಿಧಾ ಪ್ರೊವೈಡರ್’. ಟ್ಯಾಲಿ ಅದರಲ್ಲಿತ್ತು. 2011ರಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಿಕೊಡೋ ಸಣ್ಣ ಕಂಪನಿಯಾಗಿ ಶುರುವಾಗಿದ್ದ ಕ್ಲಿಯರ್‌ಟ್ಯಾಕ್ಸ್ ಕೂಡ ಇತ್ತು. ಈ ಎರಡನೆಯದು ಜಿಎಸ್‌ಟಿಯ ಬೆನ್ನೇರಿ ಎಷ್ಟು ಬೆಳೆಯಿತು ಅಂದ್ರೆ, 2021ರ ಅಕ್ಟೋಬರ್‌ನಲ್ಲಿ 7.5 ಕೋಟಿ ಡಾಲರ್ ಹೂಡಿಕೆ ಎತ್ತಿತು.

ಮೂಲ ವಿನ್ಯಾಸ ನಾಲ್ಕೇ ತಿಂಗಳಲ್ಲಿ ಕುಸಿಯಿತು. ಪೋರ್ಟಲ್ ಕೊನೆ ದಿನಗಳಲ್ಲಿ ಕೂತೇಬಿಡ್ತಿತ್ತು. 2017ರ ನವೆಂಬರ್‌ನಲ್ಲಿ ಗುವಾಹಟಿಯ ಮಂಡಳಿ ಸಭೆ ಜಿಎಸ್‌ಟಿಆರ್-2 ಮತ್ತು 3ನ್ನ ಬದಿಗಿಟ್ಟಿತು. ತಾತ್ಕಾಲಿಕ ಅಂತ ಬಂದ 3ಬಿ ಕಾಯಂ ಆಯಿತು. ಇದರ ಪರಿಣಾಮ ಯೋಚನೆ ಮಾಡಿ. ಕಾಗದದ ಪುಸ್ತಕದಲ್ಲಿ ಲೆಕ್ಕ ಇಡುವವನು ನಿಯಮ ಬದಲಾದಾಗಲೆಲ್ಲ ಆಡಿಟರ್ ಬಾಗಿಲಿಗೆ ಓಡಬೇಕು. ಸಾಫ್ಟ್‌ವೇರ್ ಇದ್ದವನು ಅಪ್‌ಡೇಟ್ ಒತ್ತಿದರೆ ಆಯ್ತು. ಅಂದರೆ ಮಂಡಳಿ ಎಷ್ಟು ಸಲ ಮನಸ್ಸು ಬದಲಿಸುತ್ತೋ ಅಷ್ಟು ಸಲ ಸಾಫ್ಟ್‌ವೇರಿನ ಬೆಲೆ ಏರುತ್ತೆ. ಟ್ಯಾಲಿಯ ಲೈಸೆನ್ಸ್ ಒಂದು ಕಂಪ್ಯೂಟರಿಗೆ 20 ಸಾವಿರ ರೂಪಾಯಿಗೂ ಮೇಲೆ, ಜಿಎಸ್‌ಟಿ ಬೇರೆ. ಅದು ಒಮ್ಮೆ ಕೊಂಡರೆ ನಿಮ್ಮದೇ. ಆದರೆ ಹೊಸ ನಿಯಮಗಳ ಆವೃತ್ತಿ ಸಿಗ್ತಾ ಇರಬೇಕು ಅಂದ್ರೆ ‘ಟಿಎಸ್‌ಎಸ್’ ಅನ್ನೋ ಚಂದಾ ನವೀಕರಿಸ್ತಾ ಇರಬೇಕು. ಕಾನೂನು ಸ್ಥಿರವಾಗಿ ನಿಂತುಬಿಟ್ಟರೆ ಈ ಚಂದಾಕ್ಕೆ ಅರ್ಧ ಕಾರಣ ಇರಲ್ಲ.

ಬಿಲ್ ತಾಳೆಯ ಆಸೆಯನ್ನ ಸರ್ಕಾರ ಬಿಡಲಿಲ್ಲ, ಬೇರೆ ಬಾಗಿಲಿಂದ ತಂದಿತು. 2020ರಲ್ಲಿ ಜಿಎಸ್‌ಟಿಆರ್-2ಬಿ ಬಂತು: ನಿಮಗೆ ಮಾರಿದವರು ಏನೇನು ತೋರಿಸಿದ್ದಾರೆ ಅನ್ನೋ ಪಟ್ಟಿ. 2022ರ ಜನವರಿ 1ರಿಂದ ಕಾಯ್ದೆಯ 16(2)(ಎಎ) ಕಲಂ ಜಾರಿಯಾಯಿತು. ನಿಮಗೆ ಮಾರಿದವನು ತನ್ನ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿದ್ದರೆ ಮಾತ್ರ ನಿಮಗೆ ಇನ್‌ಪುಟ್. ನೀವು ತೆರಿಗೆ ಸೇರಿಸಿಯೇ ದುಡ್ಡು ಕೊಟ್ಟಿದ್ದೀರಿ, ಕೈಯಲ್ಲಿ ಬಿಲ್ ಇದೆ, ಸರಕು ಗೋದಾಮಿನಲ್ಲಿದೆ. ಆದರೂ ಆತ ಹಾಕಿಲ್ಲ ಅಂದ್ರೆ ನಷ್ಟ ನಿಮ್ಮದು.

ನನ್ನ ಓದಿನಲ್ಲಿ ಈ ಉದ್ಯಮದ ಬೆಳವಣಿಗೆಗೆ ಅತಿ ದೊಡ್ಡ ತಿರುವು ಈ ಕಲಂ. ಇದು ಕಾವಲು ಕಾಯೋ ಕೆಲಸವನ್ನ ಇಲಾಖೆಯಿಂದ ಎತ್ತಿ ಗಿರಾಕಿಯ ಕೈಗೆ ಕೊಟ್ಟಿತು. ದೊಡ್ಡ ಕಂಪನಿ ತನ್ನ ಸಣ್ಣ ಪೂರೈಕೆದಾರನಿಗೆ ಹೇಳುತ್ತೆ: 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಹಾಕಿಲ್ಲ ಅಂದ್ರೆ ತೆರಿಗೆ ಮೊತ್ತ ತಡೆ ಹಿಡೀತೀವಿ. ಪೀಣ್ಯದ ಒಂದು ಶೆಡ್‌ನಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವನಿಗೆ ಸಾಫ್ಟ್‌ವೇರ್ ಕೊಳ್ಳಿ ಅಂತ ಯಾವ ಕಾನೂನೂ ಹೇಳಿಲ್ಲ. ಅವನ ಗಿರಾಕಿ ಹೇಳ್ತಾನೆ.

ಇ-ಇನ್‌ವಾಯ್ಸ್ ಅದೇ ದಾರಿಯ ಮುಂದಿನ ಹೆಜ್ಜೆ. ಇಲ್ಲಿ ಬಿಲ್ ಬರೆದ ತಕ್ಷಣ ಸರ್ಕಾರಿ ವ್ಯವಸ್ಥೆಗೆ ಕಳಿಸಿ ನಂಬರ್ ಪಡೀಬೇಕು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂ. ವಹಿವಾಟು ದಾಟಿದವರಿಗೆ ಮಾತ್ರ ಇತ್ತು. ಆಮೇಲೆ 100, 50, 20, 10 ಕೋಟಿ. 2023ರ ಆಗಸ್ಟ್ 1ರಿಂದ 5 ಕೋಟಿ. ಮಿತಿ ಇಳಿದಾಗಲೆಲ್ಲ ಹೊಸದೊಂದು ತಂಡ ಸಾಫ್ಟ್‌ವೇರ್ ಅಂಗಡಿಗೆ ಬಂತು. 2023ರಲ್ಲಿ ಬಿಲ್‌ಗೆ ಆ ನಂಬರ್ ಕೊಡೋ ಕೆಲಸಕ್ಕೇ ಖಾಸಗಿ ಕಂಪನಿಗಳನ್ನೂ ಸೇರಿಸಿಕೊಳ್ಳಲಾಯಿತು, ಕ್ಲಿಯರ್‌ಟ್ಯಾಕ್ಸ್ ಅದರಲ್ಲೊಂದು. ಪಾಲನೆ ಮಾಡಿಸೋ ಸಾಫ್ಟ್‌ವೇರ್ ಮಾರುವ ಕಂಪನಿಯೇ ಸರ್ಕಾರದ ಪರವಾಗಿ ಮುದ್ರೆ ಒತ್ತುವ ಜಾಗದಲ್ಲೂ ಕೂತಿರೋದು ನನಗೆ ಸಣ್ಣ ವಿಷಯ ಅನ್ನಿಸಲ್ಲ. ಇದರ ಬಗ್ಗೆ ಚರ್ಚೆ ನಡೆದಿದ್ದು ಮಾತ್ರ ತೀರಾ ಕಡಿಮೆ.

ನಿಯಮ ಸಾಫ್ಟ್‌ವೇರಿನ ಹೊಟ್ಟೆಯೊಳಕ್ಕೂ ಕೈ ಹಾಕಿದೆ. ಟ್ಯಾಲಿಯನ್ನ ವ್ಯಾಪಾರಿಗಳು ಇಷ್ಟಪಟ್ಟಿದ್ದಕ್ಕೆ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣ ಇತ್ತು: ಹಿಂದಿನ ತಾರೀಖಿನ ವೋಚರ್ ತೆಗೆದು, ತಿದ್ದಿ, ಅಳಿಸಿ ಕೂರಿಸಬಹುದಿತ್ತು. ಕಚ್ಚಾ ಬಿಲ್, ಪಕ್ಕಾ ಬಿಲ್ ಎರಡನ್ನೂ ಇಟ್ಟು ಬದುಕಿದ ಮಾರುಕಟ್ಟೆಗೆ ಅದು ಎಷ್ಟು ಅನುಕೂಲ ಅಂತ ವಿವರಿಸಬೇಕಿಲ್ಲ. 2021ರಲ್ಲಿ ಕಂಪನಿ ಲೆಕ್ಕಗಳ ನಿಯಮಕ್ಕೆ ತಿದ್ದುಪಡಿ ಬಂತು. ಎರಡು ಸಲ ಮುಂದಕ್ಕೆ ಹೋಗಿ 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಕಂಪನಿ ಕಾಯ್ದೆಯಡಿ ಬರುವವರು ಬಳಸೋ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಾಖಲಿಸಬೇಕು, ಆ ದಾಖಲೆಯನ್ನ ಆಫ್ ಮಾಡೋಕೆ ಬರಬಾರದು. ಟ್ಯಾಲಿ ಅದಕ್ಕಂತಲೇ ‘ಎಡಿಟ್ ಲಾಗ್’ ಆವೃತ್ತಿ ತಂದಿತು. ಒಬ್ಬನೇ ಮಾಲೀಕನ ಅಂಗಡಿಗೆ, ಪಾಲುದಾರಿಕೆ ಸಂಸ್ಥೆಗೆ ಈ ನಿಯಮ ಇಲ್ಲ. ಇದು ಒಳ್ಳೆ ನಿಯಮ, ನನಗೆ ಅನುಮಾನ ಇಲ್ಲ.

ಟ್ಯಾಲಿಯನ್ನ ಇಲ್ಲಿ ಖಳನಾಯಕ ಮಾಡೋ ಉದ್ದೇಶ ನನ್ನದಲ್ಲ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದಿದ್ದು ಯೋಗ್ಯವಾಗಿಯೇ. ಆಫ್‌ಲೈನ್‌ನಲ್ಲಿ ಓಡುವ, ನಮ್ಮ ಗುಮಾಸ್ತರ ತಲೆಗೆ ಹೊಂದುವ ಸಾಫ್ಟ್‌ವೇರ್ ಕಟ್ಟಿದ್ದು ದೊಡ್ಡ ಕೆಲಸ. ನನ್ನ ತಕರಾರು ಸರ್ಕಾರದ ಜತೆ. ತೆರಿಗೆ ಆಡಳಿತದ ಖರ್ಚನ್ನ ಅದು ಕೆಳಕ್ಕೆ ದಾಟಿಸಿದೆ, ದಾಟಿಸಿದ್ದು ಬಜೆಟ್‌ನಲ್ಲಿ ಎಲ್ಲೂ ಕಾಣಲ್ಲ. ವರ್ಷಕ್ಕೆ 45 ಲಕ್ಷ ರೂ. ವಹಿವಾಟು ನಡೆಸೋ ಕಾಂಡಿಮೆಂಟ್ಸ್ ಅಂಗಡಿಗೂ ನೂರಾರು ಕೋಟಿಯ ಕಂಪನಿಗೂ ಆಡಿಟರ್ ಫೀಸು, ಸಾಫ್ಟ್‌ವೇರು, ತಿಂಗಳ ತಾರೀಖುಗಳ ಆತಂಕ ಒಂದೇ ತೂಕದ್ದಲ್ಲ. ರಿಟರ್ನ್ ತಡವಾದರೆ ದಿನಕ್ಕೆ 50 ರೂ. ದಂಡ, ವ್ಯಾಪಾರವೇ ಇಲ್ಲದ ತಿಂಗಳಿಗೂ ದಿನಕ್ಕೆ 20 ರೂ.

ಪರಿಹಾರ ಇಲ್ಲವೇ ಇಲ್ಲ ಅಂತಲ್ಲ. ಪೋರ್ಟಲ್‌ನಲ್ಲಿ ರಿಟರ್ನ್ ಹಾಕೋಕೆ ಶುಲ್ಕ ಇಲ್ಲ. ವಹಿವಾಟು 1.5 ಕೋಟಿ ರೂ. ಒಳಗಿದ್ದರೆ ಕಾಂಪೊಸಿಷನ್ ಪದ್ಧತಿ ಹಿಡಿಯಬಹುದು. ವ್ಯಾಪಾರಿಗೆ ಶೇ. 1 ತೆರಿಗೆ, ಮೂರು ತಿಂಗಳಿಗೊಮ್ಮೆ ಒಂದು ಪಾವತಿ ಫಾರಂ, ವರ್ಷಕ್ಕೊಂದು ರಿಟರ್ನ್. ಆದರೆ ಗಿರಾಕಿಯಿಂದ ತೆರಿಗೆ ಬೇರೆಯಾಗಿ ಪಡೆಯುವಂತಿಲ್ಲ, ಇನ್‌ಪುಟ್ ಸಿಗಲ್ಲ. ನೋಟಿಸ್ ಬಂದ ಬಹುತೇಕ ಅಂಗಡಿಗಳಿಗೆ ಇದು ಸಾಕಿತ್ತು. ಅಲ್ಲದೆ 1.5 ಕೋಟಿ ಒಳಗಿನವರಿಗೆ ಉಚಿತ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡ್ತೀವಿ ಅಂತ ಜಿಎಸ್‌ಟಿ ನೆಟ್‌ವರ್ಕ್ 2019ರಲ್ಲೇ ಪ್ರಕಟಿಸಿತ್ತು. ನಿಮ್ಮ ಬೀದಿಯ ಬೇಕರಿಯವರನ್ನ ಕೇಳಿ ನೋಡಿ, ಅದರ ಹೆಸರು ಕೇಳಿದ್ದಾರಾ ಅಂತ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಜಿಎಸ್‌ಟಿ ದರಗಳು ಮತ್ತೆ ಬದಲಾದವು. ಶೇ. 12 ಮತ್ತು 28ರ ಸ್ಲ್ಯಾಬ್‌ಗಳಲ್ಲಿದ್ದ ಹೆಚ್ಚಿನ ಸರಕುಗಳು 5 ಅಥವಾ 18ಕ್ಕೆ ಹೋದವು. ಗಿರಾಕಿಗೆ ಅದು ಬೆಲೆ ಇಳಿಕೆಯ ಸುದ್ದಿ. ಅಂಗಡಿಯವನಿಗೆ ಸರಕಿನ ಪಟ್ಟಿಯಲ್ಲಿ ಒಂದೊಂದರ ದರವನ್ನೂ ರಾತ್ರೋರಾತ್ರಿ ತಿದ್ದೋ ಕೆಲಸ. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕೂರೋದು ಕಂದಾಯ ಸಚಿವ ಕೃಷ್ಣ ಬೈರೇಗೌಡ. ರಾಜ್ಯಕ್ಕೆ ಬರಬೇಕಾದ ಪಾಲಿನ ಬಗ್ಗೆ ಅವರು ಅಲ್ಲಿ ಗಟ್ಟಿಯಾಗಿಯೇ ಮಾತಾಡಿದ್ದಾರೆ. ಕನ್ನಡದಲ್ಲಿ ಓಡುವ, ಮೊಬೈಲ್‌ನಲ್ಲೇ ಮುಗಿಯುವ, ಸರ್ಕಾರವೇ ನಡೆಸುವ ಉಚಿತ ಬಿಲ್ಲಿಂಗ್ ಆ್ಯಪ್ ಒಂದನ್ನ ಆ ಮೇಜಿನ ಮೇಲೆ ಇಡೋಕೆ ನಾವು ಅವರನ್ನ ಇನ್ನೂ ಕೇಳಿಲ್ಲ. ಇ-ಇನ್‌ವಾಯ್ಸ್ ಮಿತಿ 5 ಕೋಟಿಯಿಂದ ಕೆಳಗಿಳಿಯೋ ಮೊದಲು ಕೇಳಬೇಕಾದ್ದು ಇದು.