ಬೈಲಕುಪ್ಪೆ: ತಲೆಗೊಂದು ಎಕರೆಯ ಲೆಕ್ಕ

ಮಡಿಕೇರಿಗೆ ಹೋಗುವ ದಾರಿಯಲ್ಲಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ಫೋಟೋ ತೆಗೆಸಿಕೊಂಡು ಬಂದವರು ನಮ್ಮಲ್ಲಿ ಬಹಳ ಜನ. ನಾನೂ ಅದನ್ನೇ ಮಾಡಿದವನು. ಆ ಊರು ಹೇಗೆ ಹುಟ್ಟಿತು ಅಂತ ಕೇಳಿಕೊಂಡಿದ್ದು ಬಹಳ ತಡವಾಗಿ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆಯೇ ಬಂದ ಸಾವಿರಾರು ಟಿಬೆಟನ್ನರಲ್ಲಿ ಬಹುಪಾಲು ಮಂದಿಗೆ ಮೊದಲು ಸಿಕ್ಕಿದ್ದು ಹಿಮಾಲಯದ ರಸ್ತೆಗಳಲ್ಲಿ ಕಲ್ಲು ಒಡೆಯುವ ಕೆಲಸ. ಇವರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ, ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಇದರ ಶ್ರೇಯ ಸಾಮಾನ್ಯವಾಗಿ ನಿಜಲಿಂಗಪ್ಪನವರಿಗೆ ಹೋಗುತ್ತದೆ. ಅವರ ನೆರವು ದೊಡ್ಡದೇ, ಆದರೆ 1960ರಲ್ಲಿ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ, ಅದನ್ನೂ ನೆನಪಿಡೋಣ.

ಜಮೀನು ಅಂತ ಕೊಟ್ಟಿದ್ದು ಕಾಡನ್ನ. ಮರ ಕಡಿದು, ಬುಡ ಕಿತ್ತು, ಪೊದೆ ಸುಟ್ಟು ಹೊಲ ಮಾಡಬೇಕಿತ್ತು. ವಾಸ ಬಿದಿರಿನ ಗುಡಿಸಲಲ್ಲಿ. ಬೆಳೆ ಬಂತು ಅನ್ನುವಷ್ಟರಲ್ಲಿ ಆನೆ, ಹಂದಿ. ಚಳಿಸೀಮೆಯ ಮೈಗೆ ಈ ಸೆಕೆ ಒಗ್ಗಲಿಲ್ಲ. ಕ್ಷಯ ಬಹಳ ಜನರನ್ನು ಕಾಡಿತು. ಯಾಕ್ ಮೇಯಿಸಿದವರು, ಬಾರ್ಲಿ ಬಿತ್ತಿದವರು ಇಲ್ಲಿ ಮುಸುಕಿನ ಜೋಳ ಬೆಳೆಯೋದನ್ನ ಕಲಿತರು.

ನನಗೆ ಮುಖ್ಯ ಅನ್ನಿಸೋದು ಆ ಎಕರೆ ಲೆಕ್ಕ. ಭೂಮಿ ಹಂಚಿದ್ದು ಹೆಚ್ಚುಕಮ್ಮಿ ತಲೆಗೊಂದು ಎಕರೆಯಂತೆ. ಸರಿ, ಆಮೇಲೆ ಹುಟ್ಟಿದ ಮಕ್ಕಳಿಗೆ? ಅವರ ಮಕ್ಕಳಿಗೆ? ಸಂಸಾರ ಬೆಳೆಯಿತು, ಭೂಮಿ ಬೆಳೆಯಲಿಲ್ಲ. ಅದೂ ಮಳೆ ನಂಬಿದ ಭೂಮಿ, ಮೇಲಾಗಿ ಗುತ್ತಿಗೆಯದು, ಮಾರುವ ಹಾಗಿಲ್ಲ. ಹಾಗಾಗಿ ಕೊಯ್ಲು ಮುಗಿದ ಮೇಲೆ ಲುಧಿಯಾನದ ಸ್ವೆಟರ್ ತಂದು ನಮ್ಮ ಊರುಗಳ ಫುಟ್‌ಪಾತ್‌ನಲ್ಲಿ ಮಾರೋದು ಅರ್ಧ ಜೀವನವೇ ಆಯಿತು. ಅಪ್ಪ ಅಮ್ಮ ವ್ಯಾಪಾರಕ್ಕೆ, ಮಕ್ಕಳು ಹಾಸ್ಟೆಲ್‌ಗೆ, ಮನೆಯಲ್ಲಿ ಅಜ್ಜಿ.

ಇನ್ನು ಕಾಗದ. ಇಲ್ಲೇ ಹುಟ್ಟಿದವರೂ ವಿದೇಶಿಯರ ನೋಂದಣಿ ಪತ್ರವನ್ನು, ಅಂದರೆ ಆರ್.ಸಿ.ಯನ್ನು, ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಕಾನೂನು ಹೇಳಿದರೂ, ಅದನ್ನು ಪಡೆಯೋಕೆ ಕೋರ್ಟಿಗೆ ಹೋಗಬೇಕಾಯಿತು. ಪೌರತ್ವ ತಗೊಂಡರೆ ಟಿಬೆಟ್ ಬಿಟ್ಟುಕೊಟ್ಟ ಹಾಗಾಗುತ್ತಾ ಅನ್ನೋ ವಾದ ಎಷ್ಟೋ ಮನೆಗಳಲ್ಲಿದೆ. ಅದು ಅವರ ಮನೆಯ ಮಾತು, ನಾವು ತೀರ್ಪು ಕೊಡೋದಲ್ಲ.

ಕಳೆದ ಡಿಸೆಂಬರ್‌ನಲ್ಲಿ ಒಬ್ಬ ಹೆಂಗಸಿನ ಹತ್ತಿರ ಸ್ವೆಟರ್ ತಗೊಂಡೆ. ಚೌಕಾಸಿ ಮಾಡುತ್ತಾ, ಎಷ್ಟು ದಿನ ಇರ್ತೀರಮ್ಮ ಅಂದೆ. "ಚಳಿ ಮುಗಿದ ಮೇಲೆ ಊರಿಗೆ ಹೋಗ್ತೀವಿ ಸಾರ್" ಅಂದರು. ಯಾವ ಊರು ಅಂತ ಕೇಳಿದೆ.

"ಬೈಲಕುಪ್ಪೆ, ಇನ್ಯಾವುದು?"