ಸಾಯಣರ ಯೋಜನ

ವರ್ಷಕ್ಕೊಬ್ಬ ಹುಡುಗನಾದರೂ ಒಂಬತ್ತನೇ ತರಗತಿಯಲ್ಲಿ ಕೇಳಿಯೇ ಕೇಳುತ್ತಾನೆ: "ಮೇಡಂ, ಬೆಳಕಿನ ವೇಗ ನಮ್ಮ ಸಾಯಣಾಚಾರ್ಯರಿಗೆ ಮೊದಲೇ ಗೊತ್ತಿತ್ತಂತೆ, ಹೌದಾ?"

ವಿಜಯನಗರದ ಬುಕ್ಕರಾಯನ ಆಸ್ಥಾನದಲ್ಲಿದ್ದ ಸಾಯಣರು (ನಿಧನ 1387) ತಮ್ಮ ಋಗ್ವೇದ ಭಾಷ್ಯದಲ್ಲಿ, ಸೂರ್ಯನು ಅರ್ಧ ನಿಮಿಷಕ್ಕೆ 2,202 ಯೋಜನ ಸಾಗುತ್ತಾನೆಂಬ ಮಾತನ್ನು ಉಲ್ಲೇಖಿಸಿರುವುದು ನಿಜ. ಈ ನಿಮಿಷ ನಮ್ಮ ಗಡಿಯಾರದ್ದಲ್ಲ, ಕಣ್ಣೆವೆ ಮಿಟುಕಿಸುವಷ್ಟು ಹೊತ್ತು. ವಿಷ್ಣುಪುರಾಣದ ಲೆಕ್ಕದಂತೆ ದಿನವೊಂದಕ್ಕೆ 4,05,000 ನಿಮಿಷ. ಅಂದರೆ ಸೆಕೆಂಡಿಗೆ ಸುಮಾರು 20,644 ಯೋಜನವಾಯಿತು.

ತೊಡಕಿರುವುದು ಯೋಜನದಲ್ಲಿ. ಅದನ್ನು ಒಂಬತ್ತು ಮೈಲಿ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 2,99,000 ಕಿಲೋಮೀಟರು; ಪಠ್ಯಪುಸ್ತಕದ ಸಂಖ್ಯೆಯೇ ಬಂತೆನ್ನಿ! ಆದರೆ ಭೂಮಿಯ ವ್ಯಾಸ ಆರ್ಯಭಟನಿಗೆ 1,050 ಯೋಜನ, ಸೂರ್ಯಸಿದ್ಧಾಂತಕ್ಕೆ 1,600. ಅವುಗಳಿಂದ ಯೋಜನವನ್ನು ಅಳೆದರೆ ಉತ್ತರ 2,50,000ಕ್ಕೋ 1,65,000ಕ್ಕೋ ಇಳಿಯುತ್ತದೆ.

ಹಿಂದೊಮ್ಮೆ ಶಾಲಾ ವಾರ್ಷಿಕೋತ್ಸವದಲ್ಲಿ ಈ ಒಂಬತ್ತು ಮೈಲಿಯ ಲೆಕ್ಕ ಹೇಳಿ ಚಪ್ಪಾಳೆ ಗಿಟ್ಟಿಸಿದವಳು ನಾನು. ಒಂಬತ್ತೇ ಏಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಉತ್ತರವನ್ನು ಮೊದಲೇ ನೋಡಿಕೊಂಡು ಲೆಕ್ಕ ಮಾಡುವ ಮಕ್ಕಳನ್ನು ಮಾತ್ರ ದಿನವೂ ಗದರುತ್ತಿದ್ದೆ. ಈಗ ಕೇಳಿದ ಹುಡುಗನ ಕೈಗೇ ಸೀಮೆಸುಣ್ಣ ಕೊಟ್ಟು, ಮೂರು ಯೋಜನಗಳಲ್ಲೂ ಲೆಕ್ಕ ಮಾಡಿಸುತ್ತೇನೆ. ಕೊನೆಯ ಉತ್ತರ ಬರೆಯುವಾಗ ಅವನ ಮುಖ ಸಪ್ಪಗಾಗುತ್ತದೆ. ಪಾಪ ಎನಿಸುತ್ತದೆ, ಆದರೂ ಬೋರ್ಡು ಒರೆಸುವುದಿಲ್ಲ.